ಪ್ರೋಟಾನ್ ಮೇಷ್ಟ್ರು
ಸಾಸ್ವೆಹಳ್ಳಿ ಕಡೆ ಗುರುಬಸವರಾಜ್ ಮೇಷ್ಟ್ರು ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಪ್ರೋಟಾನ್ ಮೇಷ್ಟ್ರು ಎಂದರೆ ಕೋಳಿಗಳೂ ದಾರಿ ತೋರಿಸುತ್ತವೆ. ಅವರು ಪರಮಾಣುವನ್ನು ಬೋರ್ಡಿನ ಮೇಲೆ ಬರೆಯುವವರಲ್ಲ, ಶಾಲೆಯ ಅಂಗಳದಲ್ಲಿ ಮಕ್ಕಳಿಂದಲೇ ಕಟ್ಟುವವರು. ನಡುವೆ ಆರು ಪ್ರೋಟಾನ್, ಆರು ನ್ಯೂಟ್ರಾನ್ ಒತ್ತೊತ್ತಾಗಿ ಕೂತು, ಸುತ್ತ ಆರು ಎಲೆಕ್ಟ್ರಾನ್ ಓಡಿದರೆ ಇಂಗಾಲ. ಓಡುವ ಆಸೆಗೆ ಎಲ್ಲರಿಗೂ ಎಲೆಕ್ಟ್ರಾನೇ ಆಗಬೇಕು. "ಎಲೆಕ್ಟ್ರಾನ್ ಒಂದು ತಪ್ಪಿಸ್ಕಂಡ್ರೂ ಇಂಗಾಲ ಇಂಗಾಲನೇ ಕಣ್ರೋ, ಪ್ರೋಟಾನ್ ಒಂದು ಹೋದ್ರೆ ಬೋರಾನ್ ಆಗಿಬಿಡ್ತೈತೆ!" ಎಂದು ಮೇಷ್ಟ್ರು ಗದರುತ್ತಾರೆ. ಹಾಗಾಗಿ ಪ್ರೋಟಾನ್ ಆದ ಮಗು ಬರದಿದ್ದರೆ ಬೈಕು ಹತ್ತಿ ಮನೆಗೇ ಹೋಗುತ್ತಾರೆ. ಶಾಲೆ ಬಿಟ್ಟುಬಿಡುವ ಹಾಗೆ ಕಾಣುವ ಮಕ್ಕಳನ್ನೇ ಹುಡುಕಿ ಅವರು ಪ್ರೋಟಾನ್ ಮಾಡುತ್ತಾರೆಂದು ನನಗೆ ತಿಳಿದದ್ದು ಮೊನ್ನೆ, ಪಕ್ಕದ ಮನೆಯ ಸಂಧ್ಯಾರಾಣಿಯನ್ನು ಕರೆಯಲು ಬಂದಾಗ. "ಇವಳು ಬಂದ್ರೆ ಕೂಸು ನೋಡ್ಕಳಾಕೆ ಯಾರಿದ್ದಾರ್ರೀ ಮೇಷ್ಟ್ರೇ? ಓದಿದ್ದು ಸಾಕು ಬಿಡ್ರಿ" ಎಂದರು ಅವಳಜ್ಜಿ ಪ್ರೇಮಮ್ಮ. ಮೇಷ್ಟ್ರು ಅವಳ ಪುಟ್ಟ ತಮ್ಮನನ್ನು ಎತ್ತಿಕೊಂಡರು. "ಇವನೂ ಬರ್ಲಿ ಕಣಮ್ಮ, ನ್ಯೂಟ್ರಾನ್ ಮಾಡ್ತೀನಿ. ತೂಕ ಸ್ವಲ್ಪ ಹೆಚ್ಚಾಗ್ತೈತೆ ಅಷ್ಟೆ, ಇಂಗಾಲ ಕೆಡಲ್ಲ." ಅಜ್ಜಿ ಒಳಗಿನಿಂದ ಬಾಟಲಿ ತಂದು ಮೇಷ್ಟ್ರ ಕೈಗಿಟ್ಟರು: "ಅತ್ರೆ ಹಾಲು ಕುಡಿಸ್ರಿ ನಿಮ್ಮ ನ್ಯೂಟ್ರಾನಿಗೆ."