ಎಬ್ಬಿಸುವ ಪಾಠ

ನಮ್ಮ ನರ್ಸಿಂಗ್ ಶಾಲೆಯ ದೊಡ್ಡ ಮೇಡಂ ಅವರ ಪಾಠ ಶುರುವಾಗುವುದೇ ನಮ್ಮನ್ನೆಲ್ಲ ಮುದುಕಿಯರನ್ನಾಗಿ ಮಾಡುವುದರಿಂದ. ಕಿವಿಗೆ ಹತ್ತಿ ತುರುಕಿ, ಕನ್ನಡಕಕ್ಕೆ ಎಣ್ಣೆ ಸವರಿ, ಮಂಡಿಗೆ ಬ್ಯಾಂಡೇಜ್ ಬಿಗಿದು, "ಈಗ ಬಾತ್‌ರೂಮಿಗೆ ಹೋಗಿ ಬನ್ನಿ ನೋಡೋಣ!" ಎಂದು ಚಪ್ಪಾಳೆ ತಟ್ಟುತ್ತಾರೆ. ಇನ್ನು ಮುಂದೆ ಊರ ತುಂಬ ವಯಸ್ಸಾದವರೇ ಎಂಬುದನ್ನು ಮದುವೆ ಸುದ್ದಿಯ ಹಾಗೆ ಹೇಳುವವರು ಅವರೊಬ್ಬರೇ: "ಕೈ ತುಂಬಾ ಕೆಲಸ ಕಣ್ರೇ, ಅದೃಷ್ಟವಂತರು ನೀವು!" ಆಮೇಲೆ ತಾವೇ ರೋಗಿಯಾಗಿ ಕುರ್ಚಿಯಲ್ಲಿ ಕೂರುತ್ತಾರೆ, ನಾವು ಎಬ್ಬಿಸಬೇಕು. ಅವಸರದಲ್ಲಿ ಯಾರಾದರೂ ಎತ್ತಲು ಕಂಕುಳಿಗೆ ಕೈ ಹಾಕಿದರೋ, ಮುಗಿಯಿತು. "ನಾನೇನು ಅಕ್ಕಿ ಮೂಟೆನಾ? ಎದುರಿಗೆ ಕೂತ್ಕೋ, ಮುಖ ನೋಡು, ಏಳೋಣವಾ ಅಂತ ಕೇಳು, ಉತ್ತರ ಬರೋವರೆಗೂ ಕಾಯಿ!" ಕೋರ್ಸಿನ ಕೊನೆಯ ದಿನ ಗಂಟೆ ಹೊಡೆದು ಎಲ್ಲರೂ ಚೀಲ ಹೆಗಲಿಗೇರಿಸಿದರೂ ಮೇಡಂ ಮಾತ್ರ ಕುರ್ಚಿ ಬಿಡಲಿಲ್ಲ. "ಪಾಠ ಮುಗೀತಲ್ಲ ಮೇಡಂ?" ಎಂದೆ. "ಮುಗೀತು ಕಣೇ. ಮಂಡಿ ಮಾತು ಕೇಳ್ತಿಲ್ಲ," ಎಂದರು. ನಾನು ಚೀಲ ಕೆಳಗಿಟ್ಟು ಎದುರಿಗೆ ಕೂತೆ, ಮುಖ ನೋಡಿದೆ, "ಏಳೋಣವಾ?" ಎಂದು ಕೇಳಿ ಸುಮ್ಮನೆ ಕಾದೆ. ಬಹಳ ಹೊತ್ತಿನ ಮೇಲೆ ಮೇಡಂ ಜೋರಾಗಿ ಚಪ್ಪಾಳೆ ತಟ್ಟಿದರು: "ಇನ್ನು ನಾನು ಧೈರ್ಯವಾಗಿ ಮುದುಕಿಯಾಗಬಹುದು ಕಣೇ. ಏಳೋಣ!"