ಕೌದಿಗೆ ಕೊಟ್ಟ ಸೆರಗು

ಬಳ್ಳಾರಿಗೆ ಬಂದ ಮೂರನೇ ದಿನವೇ ಪ್ಯಾಂಟು ಹೊಲಿಯುವ ಶೆಡ್ಡಿಗೆ ಕೆಲಸಕ್ಕೆ ಹೋದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹತ್ತು ಮಶೀನು, ಹತ್ತು ಹೆಂಗಸರು, ಒಬ್ಬರ ಬಾಯಲ್ಲೂ ಮಾತಿಲ್ಲ. ಯಾರದೋ ಮನೆಯಲ್ಲಿ ಸಾವಾಗಿರಬೇಕು ಅಂದುಕೊಂಡು ಪಕ್ಕದ ಮಶೀನಿನ ಖಾಜಾಬಿಯನ್ನು ಮೆಲ್ಲಗೆ ಕೇಳಿದೆ. ಸಾವೂ ಇಲ್ಲ ಏನೂ ಇಲ್ಲ, ಇಲ್ಲಿ ಹೊಲಿಯುವಾಗ ಮಾತಾಡಿದರೆ ಮೇಸ್ತ್ರಿ ಬೈತಾನೆ ಅಂದಳು.

ನಮ್ಮೂರು ಹಚ್ಚೊಳ್ಳಿಯಲ್ಲಿರುವ ನಿಮಗೆ ಇದು ನಂಬುವ ಮಾತಲ್ಲ, ಗೊತ್ತು. ನಮ್ಮಲ್ಲಿ ಹೆಂಗಸರು ಸೂಜಿ ಹಿಡಿದರೆ ಬಾಯಿ ಸುಮ್ಮನಿದ್ದದ್ದುಂಟೇ? ಉಟ್ಟು ಹಳತಾದ ಸೀರೆಗಳನ್ನು ತುಂಡು ಮಾಡಿ ಹೊದೆಯುವ ಕೌದಿ ಹೊಲಿಯುವಾಗ, ಯಾವ ತುಂಡು ಕೈಗೆ ಬಂತೋ ಅದನ್ನು ಉಟ್ಟವಳ ಕಥೆ ಹೇಳಲೇಬೇಕು. ನಮ್ಮ ಮನೆಯ ಕೌದಿಯಲ್ಲಿ ಒಂದು ನೀಲಿ ತುಂಡಿದೆ. ಕುರುಗೋಡಿನಿಂದ ಬಂದ ಅಜ್ಜಿಯದು. ಗಂಡ ಸತ್ತ ಮೇಲೆ ಆ ಸೀರೆ ಉಟ್ಟೇ ಮೈದುನರ ಮುಂದೆ ನಿಂತು ಹೊಲದ ಪಾಲು ಕೇಳಿ ತಗೊಂಡಳಂತೆ. ಕೆಂಪು ತುಂಡು ದೊಡ್ಡಮ್ಮನದು. ಗಂಡನ ಹೊಡೆತ ತಾಳದೆ ಕೂಸನ್ನು ಎತ್ತಿಕೊಂಡು ತೆಕ್ಕಲಕೋಟೆಯಿಂದ ನಡೆದೇ ಬಂದವಳು. ನಾನು ಊರು ಬಿಡುವಾಗ ಅವ್ವ ಆ ಕೌದಿಯನ್ನು ನನ್ನ ಕೈಗಿಟ್ಟಳು. ಒಂದು ಮೂಲೆ ಖಾಲಿ ಇತ್ತು. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರ್ತಿ ಕಾಣದಂತಾಗುವ ಮೊದಲು ನಿನ್ನ ತುಂಡು ಹಾಕಿ ತಾ ಅಂದಿದ್ದಳು.

ನಾನು ಹಾಕಲಿಲ್ಲ. ವರ್ಷಗಟ್ಟಲೆ ಹಾಕಲಿಲ್ಲ. ಗಂಡ ಹತ್ತಿ ಮಂಡಿಯಲ್ಲಿ ಹಮಾಲಿ, ಇದ್ದದ್ದು ಒಂದೇ ಕೋಣೆ. ಊರಲ್ಲಿ ಮನೆ ಹಿಂದೆಯೇ ಕಾಲುವೆ, ಇಲ್ಲಿ ನಳದ ಮುಂದೆ ಕೊಡ ಇಟ್ಟು ಕಾಯಬೇಕು. ಮನೆ ಒಡತಿ ತೆಲುಗಿನವಳು. ನನಗೆ ಬರುತ್ತಿದ್ದದ್ದು ಸಂತೆಯ ತೆಲುಗು. ಬದನೆಕಾಯಿ ಕೊಳ್ಳಲು ಸಾಕು, ಜಗಳಕ್ಕೆ ಸಾಲದು. ಅವಳು ‘ನೀಳ್ಳು, ನೀಳ್ಳು’ ಅಂತ ನೀರಿನ ವಿಷಯಕ್ಕೆ ಬೈದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ರೊಟ್ಟಿ ಬಡಿದರೆ ಗೋಡೆ ಅದುರುತ್ತದೆ ಅಂದಳು, ಅನ್ನಕ್ಕೆ ಒಗ್ಗಿಕೊಂಡೆ. ದಿನವಿಡೀ ಹೊಲಿದು ಬೆನ್ನು ಸೆಟೆದವಳಿಗೆ ಸಂಜೆ ಮತ್ತೆ ಸೂಜಿ ಮುಟ್ಟಬೇಕೆಂದರೆ ಅಳುವೇ ಬರುತ್ತಿತ್ತು.

ಅವ್ವನ ಕಣ್ಣು ಹೋಗುತ್ತಿದೆ ಅಂತ ತಮ್ಮ ಕಾಗದ ಬರೆದ. ಗಾಬರಿಯಾಯಿತು. ಶೆಡ್ಡಿನಲ್ಲಿ ಬಿದ್ದಿದ್ದ ಪ್ಯಾಂಟಿನ ಬಟ್ಟೆಯ ತುಂಡೊಂದನ್ನು ಆ ಮೂಲೆಗೆ ಮಶೀನಿನಲ್ಲೇ ಜಡಿದು ಬಸ್ಸು ಹತ್ತಿದೆ. ಸಿರುಗುಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು.

ನಾನು ಮುಟ್ಟುವ ಹೊತ್ತಿಗೆ ಅವ್ವನಿಗೆ ಬೆಳಕು, ನೆರಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಬೆರಳಿನಿಂದಲೇ ಕೌದಿ ನೋಡಿದಳು. ಇದು ನಮ್ಮತ್ತಿ, ಇದು ನಮ್ಮಕ್ಕ ಅಂತ ಅಜ್ಜಿಯದು, ದೊಡ್ಡಮ್ಮನದು ಒಂದೊಂದೇ ತುಂಡು ಗುರುತಿಸಿದಳು. ನನ್ನ ಮೂಲೆಗೆ ಬಂದು ಕೈ ನಿಂತಿತು.

“ಇದನ್ನ ಯಾರು ಉಟ್ಟಿದ್ರು?”

“ಯಾರೂ ಉಟ್ಟಿಲ್ಲವ್ವ. ಹೊಸಾದೈತಿ.”

“ಹಂಗಾದ್ರ ಇದ್ರಾಗ ಯಾರೂ ಇಲ್ಲ. ನೀ ಎಲ್ಲಿ ಅದೀ?”

ನಾಚಿಕೆಯಾಯಿತು, ಸಿಟ್ಟೂ ಬಂತು. ದುಡಿದು ಸಾಯುವವಳಿಗೆ ಕಥೆ ಎಲ್ಲಿಂದ ಬರಬೇಕು ಅಂತ ಒದರಿದೆ. ಅವ್ವ ಉಗುರಿನಿಂದ ಹೊಲಿಗೆ ಬಿಚ್ಚತೊಡಗಿದಳು. ಮಶೀನಿನ ಹೊಲಿಗೆ, ಬಗ್ಗಲಿಲ್ಲ. ನೋಡಲಾಗದೆ ಕತ್ತರಿ ತಂದು ಅದನ್ನು ನಾನೇ ಬಿಚ್ಚಿದೆ. ಆಮೇಲೆ ಉಟ್ಟಿದ್ದ ಸೀರೆಯ ಸೆರಗನ್ನು ಒಂದು ಗೇಣು ಕತ್ತರಿಸಿ ಅವಳ ಕೈಗಿಟ್ಟೆ. ಬಳ್ಳಾರಿಗೆ ಬಂದಾಗಿನಿಂದ ಶೆಡ್ಡಿಗೆ ಉಟ್ಟ ಸೀರೆ ಅದು. ಅವ್ವ ಮೂಸಿ ನೋಡಿದಳು. ಎಣ್ಣಿ ವಾಸನಿ ಅಂದಳು. ಮಶೀನಿನದು ಅಂದೆ. ಹೇಳು ಮತ್ತ, ಅಂದಳು.

ಹೇಳಿದೆ. ಮಾತಿಲ್ಲದ ಶೆಡ್ಡು, ನಳದ ಸರತಿ, ಮೇಸ್ತ್ರಿಯ ಕಣ್ಣು ತಪ್ಪಿಸಿ ಖಾಜಾಬಿ ನನಗೆ ಜೇಬು ಕೂರಿಸುವುದು ಕಲಿಸಿದ್ದು, ಜ್ವರ ಬಂದಾಗ ಅವಳೇ ಗಂಜಿ ತಂದು ಕುಡಿಸಿದ್ದು. ನಾನು ದಾರ ಪೋಣಿಸಿ ಕೊಟ್ಟೆ, ಅವ್ವ ತಡವರಿಸುತ್ತ ಹೊಲಿದಳು. ಕೊನೆಯ ಹೊಲಿಗೆಗೆ ಮೊದಲು ಒಂದು ಚೂರು ರೊಟ್ಟಿ ಒಳಗಿಟ್ಟಳು. ಕೌದಿ ಹಸಿದಿರಬಾರದು, ಅದು ನಮ್ಮ ಮನೆಯ ಪದ್ಧತಿ. ಕೌದಿಯನ್ನು ಅವಳ ಹತ್ತಿರವೇ ಬಿಟ್ಟು ಬಂದೆ.

ಮರಳಿದ ದಿನ ನಳದ ಹತ್ತಿರ ಒಡತಿ ನನ್ನ ಮೋಟು ಸೆರಗು ನೋಡಿ ಏನಾಯಿತು ಅಂತ ಕೇಳಿದಳು. “ಎಲುಕ ಕೊರಿಕಿಂದಿ,” ಅಂದೆ; ಇಲಿ ಕಡಿಯಿತು ಅಂತ. ತೆಲುಗು ಒಂದೂ ತಪ್ಪಿಲ್ಲದೆ ಬಂತು. ಅವಳು ನಂಬಿ ತನ್ನ ಮನೆಯ ಇಲಿಗಳನ್ನು ಬೈಯತೊಡಗಿದಳು, ನಾನೂ ಜೊತೆಗೆ ಬೈದೆ.

ಅವ್ವನ ಹತ್ತಿರ ಹೋಗಿ ಬಂದು ವರ್ಷವಾಯಿತು, ಈಗಲೂ ಶೆಡ್ಡಿಗೆ ಅದೇ ಸೀರೆ. ಸೊಂಟಕ್ಕೆ ಸಿಕ್ಕಿಸಲು ಸೆರಗು ಸಾಲುವುದಿಲ್ಲ, ಬಗ್ಗಿದಾಗೆಲ್ಲ ಜಾರುತ್ತದೆ. ಆ ಒಂದು ಗೇಣು ಹಚ್ಚೊಳ್ಳಿಯಲ್ಲಿದೆ.