ನಾಲಿಗೆಗೆ ಹಚ್ಚದ ಪುಡಿ

ಮೊನ್ನೆ ಹಾವೇರಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಬಾಣಂತಿ ಸೊಸೆಗೆಂದು ಶತಾವರಿ ಪುಡಿ ಕೊಂಡೆ. ಮನೆಗೆ ಬಂದು ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಹೊರಗೆ ಬಂಗಾರದ ಬಣ್ಣದ ಲೇಬಲ್, ಒಳಗೆ ಬೂಷ್ಟು ಹಿಡಿದ ಬೇರಿನ ಪುಡಿ. "ಗಿಡಮೂಲಿಕಿರೀ, ಏನೂ ಆಗೂದಿಲ್ಲ" ಎಂದಿದ್ದ ಅಂಗಡಿಯವ. ಸಿಟ್ಟು ನೆತ್ತಿಗೇರಿತು. ಆದರೆ ಅವನನ್ನು ಬೈಯಲು ನನಗೆ ಯಾವ ಬಾಯಿ ಇದೆ... ಅಕ್ಕ ನೆನಪಾದಳು.

ಅಕ್ಕ ರಾಣೆಬೆನ್ನೂರಿನ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಣಂತಿಯರಿಗೆ ಶತಾವರಿ ಪುಡಿ ಮಾಡುತ್ತಿದ್ದಳು. ಬೇರನ್ನು ನೆರಳಲ್ಲೇ ಒಣಗಿಸಬೇಕು. ಪ್ರತಿ ಸಲ ಬೀಸಿದ್ದರಲ್ಲಿ ಸ್ವಲ್ಪವನ್ನು ಗಾಜಿನ ಬಾಟಲಿಯಲ್ಲಿ ಇಡುತ್ತಿದ್ದಳು. ಹೊಸ ಪುಡಿಯನ್ನು ಅದರ ಪಕ್ಕದಲ್ಲಿಟ್ಟು ಬಣ್ಣ ನೋಡಿ, ಚಿಟಿಕೆ ನಾಲಿಗೆಗೆ ಹಚ್ಚಿದ ಮೇಲೆಯೇ ಡಬ್ಬಿ ತುಂಬುವುದು. "ಒಬ್ಬಾಕಿಗೆ ಕೊಟ್ಟಂಗ ಇನ್ನೊಬ್ಬಾಕಿಗೆ ಕೊಡಬೇಕಲೋ. ಇಲ್ಲಂದ್ರ ಅದು ಔಷಧ ಅಲ್ಲ, ಬರೇ ಹಿಟ್ಟು" ಎನ್ನುತ್ತಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ನಗುತ್ತಿದ್ದೆ. ಬೇರು ಒಣಗಿಸಿ ತಂದುಕೊಡುವುದು ನನ್ನ ಕೆಲಸ.

ಒಂದು ವರ್ಷ ಮೋಡ ಕವಿದು ಬೇರು ಒಣಗಲೇ ಇಲ್ಲ. ಪುಡಿ ಕೊಳ್ಳುವ ಅಂಗಡಿಯವರು ಅವಸರ ಮಾಡುತ್ತಿದ್ದರು. ಬಿಸಿಲು ಬಿದ್ದ ದಿನ, ಬ್ಯಾಡಗಿಯ ನನ್ನ ಮನೆಯೆದುರು ಮೆಣಸಿನಕಾಯಿ ಒಣಗಿಸುವ ಕಣ ಖಾಲಿಯಿತ್ತು. ಗುಡಿಸಿ ಬೇರು ಹರವಿದೆ. ಹುಟ್ಟಿದಾಗಿನಿಂದ ಮೆಣಸಿನ ಘಾಟಿನಲ್ಲೇ ಉಸಿರಾಡಿದ ನಮಗೆ ಅದು ವಾಸನೆಯೇ ಅಲ್ಲ. "ಬ್ಯಾಡಗಿ ಮೂಗು ನಂಬಬ್ಯಾಡ, ನಾಲಿಗಿ ನಂಬು" ಎಂದು ಅಕ್ಕ ಚೇಷ್ಟೆ ಮಾಡುತ್ತಿದ್ದುದು ಅದಕ್ಕೇ.

ಕೆಲಸದ ಹೆಂಗಸರು ಶೆಡ್ಡಿನ ಗಿರಣಿಯಲ್ಲಿ ಅದನ್ನು ಬೀಸಿದ ದಿನ ಅಕ್ಕ ಪುಡಿ ಮಾರುವ ಪರವಾನಗಿಯ ಕೆಲಸಕ್ಕೆ ಹಾವೇರಿಗೆ ಹೋಗಿದ್ದಳು. ಅಲ್ಲಿಂದ ಫೋನ್ ಮಾಡಿದಳು. "ನಾಲಿಗಿಗೆ ಹಚ್ಚಿ ನೋಡೀಯೇನೋ?"

"ನೋಡೇನಿ ಯಕ್ಕಾ, ಚಲೋ ಐತಿ" ಎಂದೆ. ನೋಡಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಕರ್ಜಗಿಯಿಂದ ಒಬ್ಬ ಮುದುಕಿ ಬಂದು ಅಂಗಳದಲ್ಲಿ ಡಬ್ಬಿ ಸುರಿದಳು. ಅವಳ ಮಗಳು ಹೊಟ್ಟೆ ಉರಿದು ಒದ್ದಾಡಿದ್ದಳಂತೆ. "ಹಸಿ ಬಾಣಂತಿಗೆ ಖಾರಪುಡಿ ತಿನಸೀದಿಯಲ್ಲಬೇ! ನೀನೂ ಹಡದಾಕಿ ಅಲ್ಲೇನು?"

ಅಕ್ಕ ನೆಲದ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡಳು. ಖಾರ ಹತ್ತಿತು. ನನ್ನ ಕಡೆ ತಿರುಗಿ, "ಎಲ್ಲಿ ಒಣಗಿಸೀದಿ?" ಎಂದಳು.

"ಮನಿ ಪಡಸಾಲ್ಯಾಗ. ನಿನ್ನ ಕೆಲಸದವರು ಗಿರಣ್ಯಾಗ ಖಾರ ಬೀಸಿರಬೇಕು, ಅವರನ್ನ ಕೇಳು."

ಹೇಡಿ ನಾನು. ಅಕ್ಕ ನನ್ನನ್ನು ನಂಬಿದಳು. ಕೆಲಸದ ಹೆಂಗಸರು ಆಣೆ ಮಾಡಿದರೂ ಅವರನ್ನು ನಂಬಲಿಲ್ಲ. ಅವರು ಅತ್ತು, ಬೈದು, ಬಿಟ್ಟುಹೋದರು. ಗಿರಣಿ ಬಿಚ್ಚಿ ತೊಳೆದಳು. ಇದ್ದ ಪುಡಿಯನ್ನೆಲ್ಲ ಗುಂಡಿಗೆ ಸುರಿದಳು. "ನನ್ನ ಗಿರಣಿ ನನಗ ಕಾಯಾಕ ಆಗಲಿಲ್ಲಂದ್ರ ನಾ ಯಾವ ಸೀಮಿ ಔಷಧದಾಕಿ?" ಎಂದು ಶೆಡ್ಡಿಗೆ ಬೀಗ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಹೋದ ವರ್ಷ ಅಕ್ಕ ತೀರಿಕೊಂಡಳು, ತಪ್ಪು ತನ್ನದೆಂದೇ ನಂಬಿಕೊಂಡು.

ನಿನ್ನೆ ರಾಣೆಬೆನ್ನೂರಿಗೆ ಹೋಗಿ ಅವಳ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ.

"ಶೆಡ್ಡಿಗೆ ಬೀಗ ಹಾಕಿದ ಮ್ಯಾಲ ಆದ ನನ್ನ ಬಾಣಂತನದಾಗ ಅವ್ವ ತನ್ನ ಕೈಲೆ ಒಂದು ತುತ್ತು ಕೊಡಲಿಲ್ಲ ಮಾಮಾ. ಅಡಗಿಮನಿ ಹೊಸ್ತಿಲನೂ ದಾಟಲಿಲ್ಲ. ಆಕಿಗೆ ನನ್ನ ಮ್ಯಾಲ ಜೀವ ಇಲ್ಲಂತ ತಿಳಕೊಂಡಿದ್ದೆ."

ನಾನು ಎದ್ದು ನಿಂತೆ. ಚಹಾ ಕುಡಿದು ಹೋಗು ಎಂದು ಅವಳು ಹೇಳಲಿಲ್ಲ.